ಸಂಪರ್ಕ ಪ್ರಾಧಿಕಾರದ ಅಧ್ಯಕ್ಷರೂ ನಮ್ಮ ಸಂಸತ್ತೂ



2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಚಿತ್ರವೊಂದು ದೇಶದ ಅನೇಕ ಪತ್ರಿಕೆಗಳಲ್ಲಿ ಅಚ್ಚಾಯಿತು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿ ಕುಳಿತ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಆ ದಿನಗಳಲ್ಲಿ ಮನೆಯೊಳಗೆ ಸಿಗ್ನಲ್ ಸಿಗದೆ ಗುಡ್ಡ ಹತ್ತಿದ ಮಕ್ಕಳು ಪುತ್ತೂರು, ಸುಳ್ಯ, ಕಡಬಗಳ ಕಡೆಯ ಹಳ್ಳಿಗಳಲ್ಲಿ ಅನೇಕರಿದ್ದರು.

ದೂರವಾಣಿ ಸೇವೆಯ ಗುಣಮಟ್ಟ ಎಷ್ಟಿರಬೇಕು, ದರದ ನಿಯಮವೇನು ಎಂಬುದನ್ನು ಗೊತ್ತುಪಡಿಸುವ ಸಂಸ್ಥೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. ಇದು 1997ರ ಕಾಯ್ದೆಯಿಂದ ಹುಟ್ಟಿತು. 2004ರಿಂದ ಕೇಬಲ್ ಮತ್ತು ಟೆಲಿವಿಷನ್ ಪ್ರಸಾರದ ನಿಯಂತ್ರಣವೂ ಇದರ ಪಾಲಿಗೆ ಬಂತು. ಇಷ್ಟು ಹೊಣೆಯುಳ್ಳ ಸಂಸ್ಥೆಯ ಅಧ್ಯಕ್ಷರನ್ನು ಆರಿಸುವವರು ಯಾರು? ಕೇಂದ್ರ ಸರ್ಕಾರ. ನಮ್ಮ ಪ್ರತಿನಿಧಿಗಳು ಕುಳಿತಿರುವ ಸಂಸತ್ತು ಅವರನ್ನು ಮೊದಲೇ ಕರೆಸಿ ಪ್ರಶ್ನಿಸುವುದಿಲ್ಲ. ಏಕೆ ಹೀಗೆ? ಇದರ ಉತ್ತರಕ್ಕೆ ಸಂವಿಧಾನ ಸಭೆಯವರೆಗೆ ಹಿಂದೆ ಹೋಗಬೇಕು.

1949ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ನೇಮಕದ ಚರ್ಚೆ ನಡೆಯಿತು. ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಿದವರಿಗೆ ಸೆನೆಟ್ ಒಪ್ಪಿಗೆ ಕೊಡಬೇಕು. ಆ ಪದ್ಧತಿ ನಮಗೆ ತೊಡಕಿನದು, ನೇಮಕದಲ್ಲಿ ರಾಜಕೀಯ ಒತ್ತಡಕ್ಕೂ ದಾರಿಯಾದೀತು ಎಂದು ಡಾ. ಬಿ. ಆರ್. ಅಂಬೇಡ್ಕರ್ ಅಭಿಪ್ರಾಯಪಟ್ಟರು. ಮರುತಿಂಗಳು ಮುಖ್ಯ ಚುನಾವಣಾ ಆಯುಕ್ತರ ನೇಮಕದ ವಿಷಯ ಬಂದಾಗ ಶಿಬ್ಬನ್ ಲಾಲ್ ಸಕ್ಸೇನಾ ಬೇರೆ ಸಲಹೆ ಮುಂದಿಟ್ಟರು: ಆ ನೇಮಕಕ್ಕೆ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮೂರನೆಯ ಎರಡು ಬಹುಮತ ಬೇಕು. ಆಳುವ ಪಕ್ಷ ತನಗೆ ಬೇಕಾದವರನ್ನೇ ತಂದು ಕೂರಿಸಬಾರದೆಂಬುದು ಅವರ ಕಾಳಜಿ. ಅಂಬೇಡ್ಕರ್ ಅದರಲ್ಲಿ ತಥ್ಯವಿದೆಯೆಂದು ಒಪ್ಪಿಕೊಂಡರು. ಆದರೆ ಸಲಹೆ ಅಂಗೀಕಾರವಾಗಲಿಲ್ಲ. ಈ ವಿಷಯದಲ್ಲಿ ಮುಂದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಬಿಡಲಾಯಿತು.

ಆ ಸಭೆಯ ಸದಸ್ಯರಲ್ಲಿ ಮಂಗಳೂರು ಮೂಲದ ಪತ್ರಕರ್ತ ಬೆನಗಲ್ ಶಿವರಾವ್ ಒಬ್ಬರು. 1952ರ ಮೊದಲ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿಬಂದ ಅವರು, ಮುಂದೆ ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿದರು. ಸಂವಿಧಾನ ರೂಪುಗೊಂಡ ಬಗೆಯನ್ನು ಅರಿಯಬಯಸುವವರಿಗೆ ಇಂದಿಗೂ ಅವು ಆಧಾರ.

1949ರಲ್ಲಿ ಮಾಡಿದ ಆಯ್ಕೆಯ ದಾರಿಯಲ್ಲೇ ಟ್ರಾಯ್ ಕೂಡ ನಡೆದಿದೆ. ಅದರ ಮೊದಲ ಅಧ್ಯಕ್ಷರು ನ್ಯಾಯಮೂರ್ತಿ ಎಸ್. ಎಸ್. ಸೋಧಿ. 2000ದಲ್ಲಿ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಪ್ರಾಧಿಕಾರವನ್ನು ಪುನರ್ರಚಿಸಿತು. ಬ್ಯಾಂಕಿಂಗ್ ಕ್ಷೇತ್ರದ ಎಂ. ಎಸ್. ವರ್ಮ ಅಧ್ಯಕ್ಷರಾದರು. ಎರಡು ಸಲವೂ ಆಯ್ಕೆ ಸರ್ಕಾರದ್ದೇ. ಪ್ರಸಾರ ಭಾರತಿಯ ಕ್ರಮ ತುಸು ಬೇರೆ. 1990ರ ಕಾಯ್ದೆಯಂತೆ ಅದರ ಅಧ್ಯಕ್ಷರ ಹೆಸರನ್ನು ಸೂಚಿಸುವವರು ಮೂವರು: ರಾಜ್ಯಸಭೆಯ ಸಭಾಪತಿ, ಪತ್ರಿಕಾ ಮಂಡಳಿಯ ಅಧ್ಯಕ್ಷರು ಹಾಗೂ ರಾಷ್ಟ್ರಪತಿಗಳು ಹೆಸರಿಸಿದ ಒಬ್ಬರು. ಅದೇ ಕಾಯ್ದೆಯಲ್ಲಿ 22 ಸಂಸದರ ಮೇಲ್ವಿಚಾರಣಾ ಸಮಿತಿಯ ಮಾತೂ ಇತ್ತು. ಆ ಸಮಿತಿ ಕಾಗದದಲ್ಲೇ ಉಳಿಯಿತು.

ಹಾಗಾದರೆ ಅಮೆರಿಕದ ಪದ್ಧತಿಯೇ ಮೇಲೇ? ಅಲ್ಲಿನ ಫೆಡರಲ್ ಸಂಪರ್ಕ ಆಯೋಗ 1934ರಲ್ಲಿ ಸ್ಥಾಪನೆಯಾಯಿತು. ಅದರ ಸದಸ್ಯರಿಗೆ ಸೆನೆಟಿನ ಒಪ್ಪಿಗೆ ಬೇಕು. 2021ರಲ್ಲಿ ಜಿಜಿ ಸೋನ್ ಎಂಬವರ ಹೆಸರು ಸೂಚಿತವಾಯಿತು. ಮೂರು ಸಲ ವಿಚಾರಣೆ ನಡೆದರೂ ಒಪ್ಪಿಗೆ ಸಿಗದೆ, 2023ರ ಮಾರ್ಚಿನಲ್ಲಿ ಅವರೇ ಹಿಂದೆ ಸರಿದರು. ಅಷ್ಟು ಕಾಲ ಆಯೋಗದಲ್ಲಿ ಎರಡೂ ಪಕ್ಷಗಳ ಸದಸ್ಯರು ಸಮಸಮವಾಗಿದ್ದು, ಮತಭೇದವಿದ್ದ ದೊಡ್ಡ ವಿಷಯಗಳು ಮುಂದೆ ಸಾಗಲಿಲ್ಲ. ಅಂಬೇಡ್ಕರರ ಆತಂಕ ಸುಳ್ಳಾಗಿರಲಿಲ್ಲ.

ಬ್ರಿಟನ್ನಿನದು ನಡುದಾರಿ. ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್. ಅದರ ಅಧ್ಯಕ್ಷರನ್ನು ಸರ್ಕಾರವೇ ಆರಿಸುತ್ತದೆ. ಆದರೆ ನೇಮಕಕ್ಕೆ ಮುಂಚೆ ಸಂಸತ್ತಿನ ಸಮಿತಿ ಅವರನ್ನು ಬಹಿರಂಗವಾಗಿ ಪ್ರಶ್ನಿಸುತ್ತದೆ. 2022ರಲ್ಲಿ ಮೈಕೆಲ್ ಗ್ರೇಡ್ ಹೀಗೆ ಪ್ರಶ್ನೆಗಳನ್ನು ಎದುರಿಸಿದರು. ಸಾಮಾಜಿಕ ಜಾಲತಾಣಗಳ ಬಗ್ಗೆ ಅವರಿಗಿರುವ ಅನುಭವ ಸಾಲದೆಂಬ ಅಸಮಾಧಾನವನ್ನು ದಾಖಲಿಸಿಯೇ ಸಮಿತಿ ಒಪ್ಪಿಗೆ ಕೊಟ್ಟಿತು. ಸಮಿತಿಯ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೆ ಅಭ್ಯರ್ಥಿಯ ಬಲವೇನು, ಕೊರತೆಯೇನು ಎಂಬುದು ಜನರಿಗೆ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪ್ರಶ್ನಿಸುವುದು ಬೇರೆ, ತಡೆಯುವುದು ಬೇರೆ. 1949ರಲ್ಲಿ ನಮ್ಮ ಹಿರಿಯರು ಅಂಜಿದ್ದು ತಡೆಯುವ ಅಧಿಕಾರಕ್ಕೆ. ಆ ಅಂಜಿಕೆಯೊಂದಿಗೆ ಪ್ರಶ್ನಿಸುವ ಅವಕಾಶವನ್ನೂ ನಾವು ಬಿಟ್ಟುಕೊಡಬೇಕಾಗಿರಲಿಲ್ಲ. ಸಂಪರ್ಕ ವಿಷಯದ ಸಂಸದೀಯ ಸ್ಥಾಯಿ ಸಮಿತಿ 1993ರಿಂದಲೇ ಇದೆ. ಇಲಾಖೆಯ ಬೇಡಿಕೆಗಳು, ಮಸೂದೆಗಳು, ವಾರ್ಷಿಕ ವರದಿಗಳು ಅದರ ಮುಂದೆ ಬರುತ್ತವೆ. ಅಧ್ಯಕ್ಷರಾಗಲಿರುವ ವ್ಯಕ್ತಿಯೂ ಒಂದು ಮಧ್ಯಾಹ್ನ ಅದರ ಮುಂದೆ ಕುಳಿತು, ಗುಡ್ಡಗಾಡಿನ ಹಳ್ಳಿಗಳ ಬಗ್ಗೆ ನಿಮ್ಮ ಯೋಜನೆಯೇನು ಎಂಬ ಪ್ರಶ್ನೆಗೆ ಉತ್ತರಿಸಿದರೆ ಸರ್ಕಾರದ ಅಧಿಕಾರ ಕಡಿಮೆಯಾಗದು.

ಅದು ಬರುವವರೆಗೆ ಜನರಿಗೆ ದಾರಿಯೇ ಇಲ್ಲವೆಂದಲ್ಲ. ಟ್ರಾಯ್ ತನ್ನ ನಿರ್ಧಾರಗಳಿಗೆ ಮುನ್ನ ಸಮಾಲೋಚನಾ ಪತ್ರ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. 2015ರಲ್ಲಿ ಅಂತರ್ಜಾಲದ ಸಮಾನತೆಯ ಪ್ರಶ್ನೆ ಎದ್ದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್ ಪತ್ರಗಳು ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್, ಯಾವ ಜಾಲತಾಣ ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಆ ಪತ್ರಗಳನ್ನು ಬರೆದವರಲ್ಲಿ ನಿಮ್ಮಂತಹ ವಿದ್ಯಾರ್ಥಿಗಳೂ ಇದ್ದರು.

ನಿಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ದಿನ ಅಣಕು ಸಂಸದೀಯ ಸಮಿತಿ ನಡೆಸಿ ನೋಡಿ. ಒಬ್ಬರು ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಲಿ, ಉಳಿದವರು ಸಂಸದರಾಗಲಿ. ಮಳೆಯಲ್ಲಿ ಕೊಡೆಯಡಿ ಕುಳಿತ ಆ ಹುಡುಗಿಯ ಪರವಾಗಿ ಮೊದಲ ಪ್ರಶ್ನೆ ಯಾವುದಾಗಬೇಕು ಎಂಬುದನ್ನು ನೀವೇ ನಿರ್ಧರಿಸಿ.