ಮಳೆಯೂ ಬಾವಿಯ ನೀರೂ

ಜೋರು ಮಳೆ ಬಿದ್ದರೆ ಊರ ಕೊಳೆಯೆಲ್ಲ ತೊಳೆದು ಹೋಯ್ತು ಅಂತೀವಿ. ಹೋದದ್ದು ಎಲ್ಲಿಗೆ? ಹಳ್ಳಕ್ಕೆ, ಬಾವಿಗೆ.

ಕೆನಡಾ ದೇಶದ ವಾಕರ್ಟನ್ ಪಟ್ಟಣದ ಸಂಗತಿ ಕೇಳಿ. 2000ನೇ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ದಿನಗಟ್ಟಲೆ ಮಳೆ ಹಿಡಿಯಿತು. ಪಕ್ಕದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದೊಳಗಿನ ಇ. ಕೋಲಿ ಎಂಬ ರೋಗಾಣುಗಳು ಮಳೆನೀರಿನೊಡನೆ ಇಳಿದು, ಊರಿಗೆ ನೀರೊದಗಿಸುತ್ತಿದ್ದ ಆಳವಿಲ್ಲದ ಕೊಳವೆಬಾವಿಯನ್ನು ಸೇರಿದವು. ನೀರಿಗೆ ಕ್ಲೋರಿನ್ ಸಾಕಷ್ಟು ಬೆರೆಸಿರಲಿಲ್ಲ. ಸುಮಾರು 2,300 ಮಂದಿ ಕಾಯಿಲೆ ಬಿದ್ದರು. 7 ಜನ ತೀರಿಕೊಂಡರು. ವಿಚಾರಣೆಯಲ್ಲಿ, ಗೊಬ್ಬರ ಹಾಕಿದ ರೈತನದು ತಪ್ಪಿಲ್ಲವೆಂದೇ ತೀರ್ಮಾನವಾಯ್ತು.

ಗೊಬ್ಬರ ಹೊಲಕ್ಕೆ ಬಂಗಾರ, ಬಾವಿಗೆ ವಿಷ. ಆದ್ದರಿಂದ ತಿಪ್ಪೆಯನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆಗೆ ಹಾಕಿ. ಬಾವಿಗೆ ಎತ್ತರದ ಕಟ್ಟೆ ಕಟ್ಟಿಸಿ. ದೊಡ್ಡ ಮಳೆಯಾದ ಮೇಲೆ ನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ.