ಕಿವಿಯೋ ಮೀಟರೋ: ಧ್ವನಿ ಉಪಕರಣಗಳನ್ನು ಅಳೆದ ನೂರು ವರ್ಷ

1915ರಿಂದ ಸುಮಾರು ಹತ್ತು ವರ್ಷ ಥಾಮಸ್ ಎಡಿಸನ್ ಅವರ ಕಂಪನಿ ಅಮೆರಿಕದ ಊರೂರಲ್ಲಿ ‘ಟೋನ್ ಟೆಸ್ಟ್’ ಎಂಬ ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಡೈಮಂಡ್ ಡಿಸ್ಕ್ ಫೋನೋಗ್ರಾಫ್, ಪಕ್ಕದಲ್ಲಿ ಗಾಯಕಿ. ಮಧ್ಯೆ ದೀಪ ಆರಿಸಿ, ಈಗ ಹಾಡುತ್ತಿರುವುದು ಮನುಷ್ಯರೋ ಯಂತ್ರವೋ ಎಂದು ಊಹಿಸಲು ಸಭಿಕರಿಗೆ ಬಿಡುತ್ತಿದ್ದರು. ವ್ಯತ್ಯಾಸವೇ ತಿಳಿಯಲಿಲ್ಲವೆಂದು ಪತ್ರಿಕೆಗಳು ಕೊಂಡಾಡಿದವು. ಮೈಕ್ರೋಫೋನ್ ಇಲ್ಲದೆ, ಕೊಳವೆಯೊಳಕ್ಕೆ ಹಾಡಿ ಮುದ್ರಿಸಿದ ತಟ್ಟೆಗಳು ಅವು. ಕಿವಿಗೆ ಕೇಳಿಸುವ ಕಂಪನಾಂಕಗಳಲ್ಲಿ ಬಹುಭಾಗ ಅವುಗಳಲ್ಲಿ ಇರಲೇ ಇಲ್ಲ. ಆ ಸಭೆಗಳಲ್ಲಿ ಹಾಡಿದ್ದ ಆನ್ನಾ ಕೇಸ್, ತಮ್ಮ ದನಿಯನ್ನು ಯಂತ್ರದ ದನಿಗೆ ಹೊಂದಿಸಿಕೊಳ್ಳುತ್ತಿದ್ದುದಾಗಿ ಎಷ್ಟೋ ವರ್ಷಗಳ ಮೇಲೆ ಹೇಳಿದರು.

ಉಪಕರಣದ ಗುಣವನ್ನು ಕಿವಿ ಹೇಳಬೇಕೋ ಮೀಟರು ಹೇಳಬೇಕೋ ಎಂಬ ಜಗಳ ಅಂದಿನಿಂದ ಇಂದಿನವರೆಗೂ ನಡೆದಿದೆ. ಇದನ್ನು ಎಂಜಿನಿಯರಿಗೂ ರಸಿಕನಿಗೂ ನಡುವಿನ ಹೋರಾಟವೆಂದು ಬಣ್ಣಿಸುವುದು ವಾಡಿಕೆ. ದಾಖಲೆಗಳು ಬೇರೆಯದನ್ನು ಹೇಳುತ್ತವೆ. ಕಿವಿಯ ದೂರನ್ನು ಗಂಭೀರವಾಗಿ ತೆಗೆದುಕೊಂಡಾಗಲೆಲ್ಲ ಅಳತೆ ಸುಧಾರಿಸಿದೆ. ಕೇಳುವವರಿಗೆ ಉಪಕರಣದ ಹೆಸರೂ ಬೆಲೆಯೂ ಮೊದಲೇ ಗೊತ್ತಿದ್ದಾಗಲೆಲ್ಲ ಕಿವಿಯ ತೀರ್ಪು ಹಾದಿ ತಪ್ಪಿದೆ.

ಅಳತೆ ಸೋತ ಸಂದರ್ಭಗಳು

1947ರಲ್ಲಿ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಒಂದು ವಾಲ್ವ್ ಆಂಪ್ಲಿಫೈಯರಿನ ವಿನ್ಯಾಸ ಪ್ರಕಟಿಸಿದರು. 15 ವ್ಯಾಟ್ ಶಕ್ತಿಯಲ್ಲಿ ಅದರ ಡಿಸ್ಟಾರ್ಷನ್ (ಧ್ವನಿಯ ವಿಕೃತಿ) ಶೇ. 0.1ಕ್ಕಿಂತ ಕಡಿಮೆ. ಹವ್ಯಾಸಿಗಳು ಮನೆಮನೆಯಲ್ಲಿ ಅದನ್ನು ಕಟ್ಟಿಕೊಂಡರು. ಡಿಸ್ಟಾರ್ಷನ್ನಿನ ಶೇಕಡಾವಾರು ಅಂಕಿಯೇ ಗುಣಮಟ್ಟದ ಗುರುತಾಯಿತು.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಬಂದಾಗ ಆ ನಂಬಿಕೆ ಅಲುಗಾಡಿತು. ಅಂಕಿಗಳು ಚೆನ್ನಾಗಿದ್ದರೂ ಪಿಟೀಲಿನ ನಾದ ಒರಟಾಗಿ ಕೇಳುತ್ತದೆಂದು ಅನೇಕರು ದೂರಿದರು. ಕಾರಣ ಸರ್ಕ್ಯೂಟಿನಲ್ಲೇ ಇತ್ತು. ಧ್ವನಿತರಂಗದ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಇನ್ನೊಂದೂ ಹೊರುತ್ತಿದ್ದವು. ಭಾರ ಕೈ ಬದಲಾಗುವ ಸೊನ್ನೆಯ ಬಿಂದುವಿನಲ್ಲಿ ತರಂಗಕ್ಕೆ ಸಣ್ಣದೊಂದು ಕಚ್ಚು ಬೀಳುತ್ತಿತ್ತು. ಪೂರ್ಣ ಶಕ್ತಿಯಲ್ಲಿ ಅಳೆದಾಗ ಆ ಕಚ್ಚು ದೊಡ್ಡ ತರಂಗದ ಮುಂದೆ ನಗಣ್ಯ. ಆದರೆ ಜನ ಮನೆಯಲ್ಲಿ ಕೇಳುವುದು ಸಣ್ಣ ವಾಲ್ಯೂಮಿನಲ್ಲಿ. ಅಲ್ಲಿ ತರಂಗ ಚಿಕ್ಕದು, ಕಚ್ಚು ಮಾತ್ರ ಅಷ್ಟೇ. ಅದು ಹುಟ್ಟಿಸುತ್ತಿದ್ದುದೂ ಕಿವಿ ಸಹಿಸದ ಮೇಲಿನ ಹಾರ್ಮೋನಿಕ್‌ಗಳನ್ನೇ (ಮೂಲ ಸ್ವರದ ಕಂಪನಾಂಕದ ಗುಣಕಗಳನ್ನು).

ಅಳತೆಯ ಈ ಕೊರತೆಗೆ ಮದ್ದು 1950ರಲ್ಲೇ ಸೂಚಿತವಾಗಿತ್ತು. ಎಲ್ಲ ಹಾರ್ಮೋನಿಕ್‌ಗಳನ್ನೂ ಸಮನಾಗಿ ಎಣಿಸಬಾರದು, ಪ್ರತಿಯೊಂದರ ಕ್ರಮಾಂಕದ ವರ್ಗವನ್ನು 4ರಿಂದ ಭಾಗಿಸಿ ತೂಕ ಕೊಡಬೇಕು ಎಂದು ಬಿಬಿಸಿಯ ಡಿ.ಇ.ಎಲ್. ಶಾರ್ಟರ್ ಹೇಳಿದ್ದರು. ಆ ಲೆಕ್ಕದಲ್ಲಿ ಎರಡನೆಯ ಹಾರ್ಮೋನಿಕ್‌ನ ತೂಕ 1, ಹತ್ತನೆಯದರ ತೂಕ 25. ಉದ್ಯಮ ಈ ಮಾತಿಗೆ ಕಿವಿಗೊಡಲಿಲ್ಲ. 1970ರಲ್ಲಿ ಫಿನ್ಲೆಂಡಿನ ಮಟ್ಟಿ ಒಟಾಲ ಮತ್ತೊಂದು ದೋಷ ತೋರಿಸಿದರು: ಸ್ಥಿರ ಸ್ವರದಿಂದ ಅಳೆದರೆ ಕಾಣದೆ, ಸಂಗೀತದಲ್ಲಿ ಧ್ವನಿ ಥಟ್ಟನೆ ಏರಿದಾಗ ಮಾತ್ರ ತಲೆಯೆತ್ತುವ ಡಿಸ್ಟಾರ್ಷನ್. ಅವರ ವಿವರಣೆಯ ಎಲ್ಲ ಭಾಗವೂ ಮುಂದಿನ ಚರ್ಚೆಯಲ್ಲಿ ಉಳಿಯಲಿಲ್ಲ. ಆದರೂ ಆಂಪ್ಲಿಫೈಯರಿನ ವೇಗ ವಿನ್ಯಾಸಕಾರರ ಗಮನದ ಕೇಂದ್ರಕ್ಕೆ ಬಂತು.

ಕಿವಿ ಸೋತ ಸಂದರ್ಭಗಳು

ಅಂಕಿಗಳ ಬಗೆಗಿನ ಈ ಅಸಮಾಧಾನದ ಕಾಲದಲ್ಲೇ, 1962ರಲ್ಲಿ, ಜೆ. ಗಾರ್ಡನ್ ಹೋಲ್ಟ್ ‘ಸ್ಟೀರಿಯೊಫೈಲ್’ ಪತ್ರಿಕೆ ಆರಂಭಿಸಿದರು. ಉಪಕರಣವನ್ನು ಕೇಳಿಯೇ ಅಳೆಯಬೇಕು ಎಂಬುದು ಅವರ ನಿಲುವು. 1973ರಲ್ಲಿ ಹ್ಯಾರಿ ಪಿಯರ್ಸನ್ ‘ದಿ ಆಬ್ಸಲ್ಯೂಟ್ ಸೌಂಡ್’ ತಂದರು. ಆಂಪ್ಲಿಫೈಯರಿನ ಗುಣವನ್ನು ವರ್ಣಿಸಲು ಇವರು ಹೊಸದೊಂದು ಪರಿಭಾಷೆಯನ್ನೇ ಕಟ್ಟಿದರು. ಆದರೆ ವಿಮರ್ಶಕರ ಕಣ್ಣೆದುರಿಗೇ ಉಪಕರಣದ ಹೆಸರೂ ಬೆಲೆಯೂ ಇರುತ್ತಿದ್ದವು.

ಕಣ್ಣಿನ ಪ್ರಭಾವ ಎಷ್ಟೆಂಬುದನ್ನು ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪರೀಕ್ಷಿಸಿದರು. 40 ಮಂದಿ ಕೇಳುಗರು, ನಾಲ್ಕು ಸ್ಪೀಕರುಗಳು; ಮೊದಲು ಪರದೆಯ ಹಿಂದೆ, ಆಮೇಲೆ ಕಣ್ಣೆದುರು. ಸ್ಪೀಕರು ಕಾಣಿಸುತ್ತಿದ್ದಂತೆ ದೊಡ್ಡ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು. ಪರದೆಯ ಹಿಂದೆ ಚೆನ್ನಾಗಿ ಅಂಕ ಗಳಿಸಿದ್ದ ಪುಟ್ಟ, ಅಗ್ಗದ ಸ್ಪೀಕರಿನದು ಇಳಿಯಿತು. ಕೋಣೆಯಲ್ಲಿ ಸ್ಪೀಕರಿನ ಜಾಗ ಬದಲಿಸಿದರೆ ಧ್ವನಿ ನಿಜಕ್ಕೂ ಬದಲಾಗುತ್ತದೆ. ಪರದೆಯಿದ್ದಾಗ ಅದನ್ನು ಗುರುತಿಸಿದ್ದ ಕೇಳುಗರೇ ಪರದೆ ಸರಿದ ಮೇಲೆ ಬಹುಮಟ್ಟಿಗೆ ಕಡೆಗಣಿಸಿದರು.

2022ರ ಜುಲೈಯಲ್ಲಿ ಇನ್ನೊಂದು ಸಾಕ್ಷ್ಯ ಹೊರಬಂತು. ದುಬಾರಿ ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಮೊಬೈಲ್ ಫಿಡೆಲಿಟಿ ಕಂಪನಿಯ ಎಂಜಿನಿಯರುಗಳು, ಹಲವು ವರ್ಷಗಳಿಂದ ತಮ್ಮ ತಯಾರಿಕೆಯಲ್ಲಿ ಡಿಜಿಟಲ್ ಹಂತವೊಂದಿದೆಯೆಂದು ಒಪ್ಪಿಕೊಂಡರು. ಡಿಜಿಟಲ್ ಸೋಂಕಿಲ್ಲದ ನಾದವೆಂದು ಅವನ್ನು ಮೆಚ್ಚಿದ್ದ ರಸಿಕರು ಯಾರೂ ಅಷ್ಟು ವರ್ಷ ಅದನ್ನು ಕೇಳಿ ಕಂಡುಹಿಡಿದಿರಲಿಲ್ಲ.

ಎರಡೂ ಕೂಡಿದಾಗ

ಹೆಸರು ಮುಚ್ಚಿಟ್ಟು ಕೇಳಿಸುವ ವಿಧಾನ ಹೊಸದಲ್ಲ. 1982ರಲ್ಲಿ ಡೇವಿಡ್ ಕ್ಲಾರ್ಕ್ ‘ಎಬಿಎಕ್ಸ್’ ಪೆಟ್ಟಿಗೆಯನ್ನು ವಿದ್ವತ್ ಪತ್ರಿಕೆಯಲ್ಲಿ ವಿವರಿಸಿದರು. ‘ಎ’ ಒಂದು ಉಪಕರಣ, ‘ಬಿ’ ಇನ್ನೊಂದು. ‘ಎಕ್ಸ್’ ಈ ಎರಡರಲ್ಲಿ ಯಾವುದೆಂದು ಹೇಳಬೇಕು. 2007ರಲ್ಲಿ ಮೇಯರ್ ಮತ್ತು ಮೋರನ್ ಇದೇ ಮಾದರಿಯಲ್ಲಿ ಸೂಪರ್ ಆಡಿಯೊ ಸಿಡಿಯ ಧ್ವನಿಯನ್ನು ಸಾಮಾನ್ಯ ಸಿಡಿ ಗುಣಮಟ್ಟಕ್ಕೆ ಇಳಿಸಿದ ಧ್ವನಿಯೊಡನೆ ಹೋಲಿಸಿದರು. 554 ಯತ್ನಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವ ರೀಸ್ ಇಂಥ 18 ಅಧ್ಯಯನಗಳ 12,500ಕ್ಕೂ ಹೆಚ್ಚು ಯತ್ನಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರಗಳ ಸರಾಸರಿ ಶೇ. 52.3 ಬಂತು. ವ್ಯತ್ಯಾಸ ಇದೆ, ಆದರೆ ತೀರ ಸಣ್ಣದು. ತರಬೇತಿ ಪಡೆದ ಕಿವಿಗೆ ಗಮನಾರ್ಹವಾಗಿ ಹೆಚ್ಚು.

ಅಳತೆಯ ಪರವಾದವರು ಮರೆಯಬಾರದ ಉದಾಹರಣೆಯೂ ಉಂಟು. ಎಂಪಿ3 ತಂತ್ರಜ್ಞಾನ ಹಳೆಯ ಮೀಟರಿನ ಪ್ರಕಾರ ಧ್ವನಿಯನ್ನು ವಿಪರೀತ ಕೆಡಿಸುತ್ತದೆ. ಕೆಡುಕನ್ನು ಕಿವಿ ಗ್ರಹಿಸಲಾರದ ಜಾಗದಲ್ಲಿ ಅಡಗಿಸುವುದೇ ಅದರ ಕುಶಲತೆ. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಸುಝಾನ್ ವೆಗಾ ಅವರ ಪಕ್ಕವಾದ್ಯವಿಲ್ಲದ ಹಾಡೊಂದನ್ನು ಪದೇಪದೇ ಕೇಳಿಯೇ ದೋಷಗಳನ್ನು ತಿದ್ದಿದರು.

ಸ್ಪೀಕರುಗಳ ವಿಷಯದಲ್ಲಿ ಕಿವಿ, ಮೀಟರು ಎರಡೂ ಒಂದೇ ಮಾತು ಹೇಳತೊಡಗಿವೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಟೂಲ್ 1986ರ ಹೊತ್ತಿಗೇ ತೋರಿಸಿದ್ದರು: ಮುಂದಕ್ಕೂ ಪಕ್ಕಗಳಿಗೂ ಏಕಪ್ರಕಾರವಾಗಿ ಧ್ವನಿ ಹೊಮ್ಮಿಸುವ ಸ್ಪೀಕರುಗಳನ್ನೇ ಪರದೆಯಾಚೆಯ ಕೇಳುಗರಲ್ಲಿ ಹೆಚ್ಚಿನವರು ಮೆಚ್ಚುತ್ತಾರೆ. 2004ರಲ್ಲಿ ಆಲಿವ್ 70 ಸ್ಪೀಕರುಗಳ ಅಳತೆಗಳಿಂದಲೇ ಕೇಳುಗರ ಮೆಚ್ಚುಗೆಯನ್ನು ಲೆಕ್ಕ ಹಾಕಿದರು. ಲೆಕ್ಕಕ್ಕೂ ಮೆಚ್ಚುಗೆಗೂ ಸಹಸಂಬಂಧ 0.86.

ಕೇಳುವಿಕೆಯ ಪಂಥಕ್ಕೆ ಅಡಿಪಾಯ ಹಾಕಿದ ಹೋಲ್ಟ್ ಅವರೇ 2007ರ ಸಂದರ್ಶನದಲ್ಲಿ, ಹೆಸರು ಮುಚ್ಚಿಟ್ಟು ಕೇಳಿಸುವ ಬ್ಲೈಂಡ್ ಟೆಸ್ಟಿನಂಥ ಪ್ರಾಮಾಣಿಕತೆಯ ಕಟ್ಟುಪಾಡನ್ನು ನಿರಾಕರಿಸಿ ಹೈ-ಫೈ ಲೋಕ ತನ್ನ ವಿಶ್ವಾಸಾರ್ಹತೆ ಕಳೆದುಕೊಂಡಿತೆಂದು ವಿಷಾದಿಸಿದರು. ಅವರ ಮಾತನ್ನು ಇಂದಿನ ವಿಮರ್ಶಕರು ಪಾಲಿಸಬೇಕು. ವಾಲ್ಯೂಮಿನಲ್ಲಿ ಒಂದು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸ ‘ಜೋರು’ ಅನಿಸದೆ ‘ಚೆಂದ’ ಅನಿಸಿಬಿಡುತ್ತದೆ. ಆದ್ದರಿಂದ ಎರಡು ಉಪಕರಣಗಳ ವಾಲ್ಯೂಮನ್ನು ಮೀಟರಿನಿಂದ ಸಮ ಮಾಡಿ, ಹೆಸರು ಮುಚ್ಚಿ ಕೇಳಲಿ; ಹಾಗೆ ಮಾಡಿದ್ದೇವೋ ಇಲ್ಲವೋ ಎಂಬುದನ್ನು ಪ್ರತಿ ವಿಮರ್ಶೆಯಲ್ಲೂ ಓದುಗರಿಗೆ ತಿಳಿಸಲಿ.