ಮರಣದಂಡನೆ ವಿರೋಧ ಮತ್ತು ಲೈಂಗಿಕ ಅಲ್ಪಸಂಖ್ಯಾತರು

ಮರಣದಂಡನೆಯ ರದ್ದತಿ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ನಡೆಯುವ ಹೋರಾಟಗಳು ಪರಸ್ಪರ ಸಂಬಂಧವುಳ್ಳ ಮಾನವ ಹಕ್ಕು ಚಳವಳಿಗಳಾಗಿವೆ. ಇರಾನ್, ಸೌದಿ ಅರೇಬಿಯಾ ಮೊದಲಾದ ದೇಶಗಳಲ್ಲಿ ಸಲಿಂಗ ಸಂಬಂಧಕ್ಕೆ ಮರಣದಂಡನೆ ವಿಧಿಸಲು ಇಂದಿಗೂ ಅವಕಾಶವಿರುವುದು ಇದಕ್ಕೆ ಮುಖ್ಯ ಕಾರಣ. ಕರ್ನಾಟಕದಲ್ಲಿ ನಾಗರಿಕ ಹಕ್ಕು ಸಂಘಟನೆಗಳು ಈ ಎರಡೂ ವಿಷಯಗಳನ್ನು ಕೈಗೆತ್ತಿಕೊಂಡಿವೆ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ 1533ರ ಕಾಯಿದೆಯು ಗುದಸಂಭೋಗಕ್ಕೆ ಮರಣದಂಡನೆ ವಿಧಿಸಿತ್ತು. 1861ರಲ್ಲಿ ಅದನ್ನು ಕೈಬಿಡಲಾಯಿತು. 1860ರ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377ರಲ್ಲಿ ಜೀವಾವಧಿಯವರೆಗಿನ ಶಿಕ್ಷೆಗೆ ಅವಕಾಶವಿತ್ತು.

ಕರ್ನಾಟಕದಲ್ಲಿ

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ (ಪಿಯುಸಿಎಲ್) ಮರಣದಂಡನೆಯನ್ನು ವಿರೋಧಿಸುವ ಸಂಘಟನೆಯಾಗಿದೆ. ಅದರ ಕರ್ನಾಟಕ ಘಟಕವು ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮಾನವ ಹಕ್ಕುಗಳ ಉಲ್ಲಂಘನೆ ಕುರಿತು 2001ರಲ್ಲಿಯೂ, ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಮಿಕರ ಕುರಿತು 2003ರಲ್ಲಿಯೂ ವರದಿಗಳನ್ನು ಪ್ರಕಟಿಸಿತು. ಪೊಲೀಸ್ ದೌರ್ಜನ್ಯವನ್ನು ಇವು ದಾಖಲಿಸಿವೆ. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂನ ವಕೀಲರು ಸೆಕ್ಷನ್ 377ರ ವಿರುದ್ಧದ ಕಾನೂನು ಹೋರಾಟದಲ್ಲಿ ಪಾಲ್ಗೊಂಡರು.

ಸಮಾನ ನೆಲೆ

ದಂಡನೆಯ ಭಾರವು ದುರ್ಬಲರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ ಎಂಬುದು ಎರಡೂ ಚಳವಳಿಗಳ ವಾದ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನದ ಪ್ರಕಾರ, ಭಾರತದಲ್ಲಿ ಮರಣದಂಡನೆಗೆ ಗುರಿಯಾದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಆರ್ಥಿಕವಾಗಿ ದುರ್ಬಲರು.

ಭಾರತದ ನಿಲುವು

ಸಮ್ಮತಿಯ ಸಲಿಂಗ ಸಂಬಂಧಕ್ಕೆ ಮರಣದಂಡನೆ ವಿಧಿಸುವುದನ್ನೂ ಖಂಡಿಸಿದ ನಿರ್ಣಯವೊಂದನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2017ರ ಸೆಪ್ಟೆಂಬರ್‌ನಲ್ಲಿ 27–13 ಮತಗಳಿಂದ ಅಂಗೀಕರಿಸಿತು. ಭಾರತ ವಿರುದ್ಧವಾಗಿ ಮತ ಚಲಾಯಿಸಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಸೆಕ್ಷನ್ 377ರ ವ್ಯಾಪ್ತಿಯಿಂದ ಹೊರಗಿಟ್ಟಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ ಇಲ್ಲ, ಮರಣದಂಡನೆಯನ್ನು ಉಳಿಸಿಕೊಳ್ಳಲಾಗಿದೆ.